ಡಿಸ್ಕಿಗೆ ಡಿಸ್ಕು ಕೆಚ್ಚಿದ್ದು

"ಐತಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಹೇಸಿಕೆಯಾಗುತ್ತದೆ. ನಮ್ಮ ಕಡೆ ದಿನಕ್ಕೆ ನೂರು ಸಲ ಆಡುವ ಮಾತು ಅದು. ಬಸ್ಸು ಐತಲ್ಲ, ಕೆನಾಲು ಐತಲ್ಲ, ದೇವರು ಐತಲ್ಲ. ಬನಹಟ್ಟಿಯ ಒಂದು ನೇಕಾರರ ಸಂಘದಲ್ಲಿ ಆ ಮಾತನ್ನು ಎರಡು ವರ್ಷ ಕೇಳಿಸಿಕೊಂಡ ಮೇಲೆ ಅದರ ಅರ್ಥ ನನಗೆ ಸರಿಯಾಗಿ ತಿಳಿಯಿತು. ಹಾಗೆ ಹೇಳಿದವರು ಆ ವಸ್ತುವನ್ನು ಕಣ್ಣಾರೆ ನೋಡಿ ಬಹಳ ದಿನವಾಗಿರುತ್ತದೆ.

ಬೀಳಗಿ ಕಡೆ ಹುಟ್ಟಿದ ನನಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಯಿತು. ಹೋಗುವ ಮೊದಲು ಪರಿಹಾರಕ್ಕೆಂದು ಬಂದು ಅಳೆದುಕೊಂಡು ಹೋದವರು, ಅಪ್ಪ ಏನು ಕೇಳಿದರೂ "ಕಾಗದದಾಗ ಐತಲ್ರಿ" ಅನ್ನುತ್ತಿದ್ದರು. ಅವ್ವ ಒಲೆಯ ಪಕ್ಕ ಹಟ ಹಿಡಿದು ಕಟ್ಟಿಸಿಕೊಂಡಿದ್ದ ಗೋಡೆಯ ಮಾಡ ಆ ಕಾಗದದಲ್ಲಿ ಇರಲಿಲ್ಲ. ಇಷ್ಟು ಕಂಡವಳು ಮುಂದೆ ಎಚ್ಚರದಿಂದ ಇರಬೇಕಿತ್ತು. ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಜಮಖಂಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ವಾರಕ್ಕೆ ಎರಡು ದಿನ ಮಧ್ಯಾಹ್ನದ ಬಸ್ಸು ಹಿಡಿದು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬನಹಟ್ಟಿಗೆ ಹೋಗಿ, ಆ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಮೇಡಂ ಆಗಿದ್ದವಳು ಬನಹಟ್ಟಿಯಲ್ಲಿ ಇಳಿದ ಕೂಡಲೇ ಅಕ್ಕಾರು ಆಗುತ್ತಿದ್ದೆ. ಸಾಲಿ ಕಲಿಸುವ ಹೆಂಗಸರಿಗೆಲ್ಲ ಅಲ್ಲಿ ಅದೇ ಹೆಸರು.

ಸಂಘದ ಕಂಪ್ಯೂಟರ್ ಕೋಣೆ ಪವರ್‌ಲೂಮ್ ಶೆಡ್ಡಿನ ನೆತ್ತಿಯ ಮೇಲಿತ್ತು. ಮೆಟ್ಟಿಲಿನ ಮೂಲೆಮೂಲೆಗೂ ಗುಟ್ಕಾ ಉಗುಳಿನ ಕಲೆ. ಕೆಳಗಿನಿಂದ ಬರುವ ನೂಲಿನ ಗಂಜಿಯ ಹುಳಿ ವಾಸನೆ, ಅದರ ಜೊತೆಗೆ ಹತ್ತಿಯ ಧೂಳು. ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗಿನ ಫ್ಯಾನಿನ ಮೇಲೆ ಬೆಕ್ಕಿನ ಮೈಯಷ್ಟು ದಪ್ಪ ಜೂಲು ಕೂತಿರುತ್ತಿತ್ತು. ದಸರೆಯ ಖಂಡೇ ಪೂಜೆಯ ದಿನ ಮಗ್ಗಗಳ ಜೊತೆಗೆ ಈ ಡಬ್ಬಿಗಳಿಗೂ ವಿಭೂತಿ ಬಳಿದು, ಕಾಯಿ ಒಡೆದು, ಆ ನೀರನ್ನು ಗಾಳಿ ಹೋಗುವ ತೂತಿನ ಮೇಲೆಯೇ ಚಿಮುಕಿಸಿದ್ದರು. ಒರೆಸಿದಾಗ ಅಂಟಂಟು. ಕಾರ್ಯದರ್ಶಿಯನ್ನು ಕೇಳಿದರೆ, ದೇವರ ನೀರು ಏನೂ ಮಾಡುವುದಿಲ್ಲ ಎಂದರು. ಅವರಿಗೆ ನಾನು ಮರ್ಯಾದೆಯ ಬಹುವಚನ ಬಳಸುತ್ತಿದ್ದೇನೆ. ಯಾಕೆ ಬಳಸಲೇಬೇಕು ಎಂಬುದು ಕೊನೆಗೆ ತಿಳಿಯುತ್ತದೆ.

ಆ ಕೋಣೆಯಲ್ಲಿ ಇಡಲು ಯೋಗ್ಯವಾದದ್ದು ಒಂದೇ ಇತ್ತು. ಅದು ರಬಕವಿಯ ಒಬ್ಬ ಅಜ್ಜನ ಕೈಬರಹದ ಗ್ರಾಫುಗಳು. ಸೀರೆಯ ದಡಿ ಮತ್ತು ಸೆರಗಿನ ಚಿತ್ತಾರವನ್ನು ಮಗ್ಗಕ್ಕೆ ಏರಿಸುವ ಮೊದಲು ಚೌಕಳಿ ಕಾಗದದ ಮೇಲೆ ಮನೆಮನೆ ತುಂಬಿ ಬರೆಯಬೇಕು. ಒಂದು ಮನೆ ತಪ್ಪಿದರೆ ಸೀರೆಯ ಉದ್ದಕ್ಕೂ ಆ ತಪ್ಪು ಮತ್ತೆಮತ್ತೆ ಬರುತ್ತದೆ. ಅಜ್ಜ ಐವತ್ತು ವರ್ಷ ಆ ಕೆಲಸ ಮಾಡಿದ್ದರು. ಕೈ ನಡುಗತೊಡಗಿದ ಮೇಲೆ ಪೆನ್ಸಿಲು ಬಿಟ್ಟರು. ತಮ್ಮ ಮನೆಯಲ್ಲಿ ಒರಲಿ ಹುಳದ ಕಾಟವೆಂದು ಎಲ್ಲ ಗ್ರಾಫನ್ನೂ ಧೋತರದಲ್ಲಿ ಗಂಟು ಕಟ್ಟಿ ಸಂಘಕ್ಕೆ ತಂದು ಒಪ್ಪಿಸಿದರು. ಅವರು ಕೇಳಿದ್ದು ಒಂದೇ: ತಾವು ಸತ್ತ ಮೇಲೂ ಯಾರಾದರೂ ಬೇಕೆಂದಾಗ ತೆಗೆದು ನೇಯುವಂತಿರಬೇಕು. ಬೇರೆ ಏನನ್ನೂ, ಒಂದು ಶಾಲನ್ನೂ, ಅವರು ಕೇಳಲಿಲ್ಲ.

ಅವನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ ನನ್ನದಾಯಿತು. ನಮ್ಮ ಸ್ಕ್ಯಾನರು ಚಿಕ್ಕದು, ಗ್ರಾಫು ದೊಡ್ಡದು. ಒಂದೊಂದನ್ನೂ ನಾಲ್ಕು ತುಂಡಾಗಿ ಸ್ಕ್ಯಾನ್ ಮಾಡಬೇಕಾಗುತ್ತಿತ್ತು. ಒಂದೂ ಮನೆ ಮಸುಕಾಗಬಾರದೆಂದು ದೊಡ್ಡ ಅಳತೆಯಲ್ಲಿ ತೆಗೆದದ್ದರಿಂದ ಫೈಲುಗಳು ಬಹಳ ಜಾಗ ನುಂಗುತ್ತಿದ್ದವು. ಎಂಟು ತಿಂಗಳು ಹಿಡಿಯಿತು. ಅಷ್ಟು ದಿನವೂ ಅಜ್ಜ ರಬಕವಿಯಿಂದ ನಡೆದೇ ಬಂದು ಪಕ್ಕದಲ್ಲಿ ಕೂತು, ಕಾಗದ ಸೊಟ್ಟಗೆ ಇಟ್ಟರೆ ಬೆರಳಿನಿಂದ ತಟ್ಟುತ್ತಿದ್ದರು. ಗ್ರಾಫುಗಳ ಮೂಲ ಪ್ರತಿ ಡಿಸೈನ್ ಮಾಡುವ ಕಂಪ್ಯೂಟರಿನಲ್ಲಿತ್ತು. ಎರಡನೆಯ ಪ್ರತಿಗೆಂದು ನಾನು ಮೂಲೆಯಲ್ಲಿ ನೂಲಿನ ಖಾಲಿ ಪೆಟ್ಟಿಗೆಯ ಮೇಲೆ ಒಂದು ಹಳೆಯ ಯಂತ್ರ ಇಟ್ಟೆ. ಅದಕ್ಕೆ ಬ್ಯಾಕಪ್ ಸರ್ವರ್ ಎಂದು ಹೆಸರಿಟ್ಟೆ. ಅದರಲ್ಲಿ ಎರಡು ಚಿಕ್ಕ ಡಿಸ್ಕುಗಳಿದ್ದವು. ಮೊದಲನೆಯದು ತುಂಬಿತು, ಎರಡನೆಯದು ಖಾಲಿ ಇತ್ತು.

ಪ್ರಶ್ನೆ ಹುಟ್ಟಿದ್ದು ಅಲ್ಲಿ. ಎರಡು ಡಿಸ್ಕನ್ನು ಬೇರೆ ಬೇರೆಯಾಗಿಯೇ ಇಟ್ಟು, ದಡಿ ಒಂದರಲ್ಲಿ, ಸೆರಗು ಇನ್ನೊಂದರಲ್ಲಿ ಎಂದು ಹಂಚಬಹುದಿತ್ತು. ಒಂದು ಸತ್ತರೆ ಇನ್ನೊಂದಾದರೂ ಉಳಿಯುತ್ತದೆ. ಇಲ್ಲವೆಂದರೆ ಎಲ್‌ವಿಎಂ ಹಾಕಬಹುದಿತ್ತು. ಎರಡಾಗಲಿ ಹತ್ತಾಗಲಿ, ಡಿಸ್ಕುಗಳನ್ನೆಲ್ಲ ಕೂಡಿಸಿ ಒಂದೇ ದೊಡ್ಡ ಜಾಗವೆಂಬಂತೆ ತೋರಿಸುವ ಏರ್ಪಾಡು ಅದು. ತುಂಬಿದಾಗ ಹೊಸದನ್ನು ತಂದು ಸೇರಿಸಿದರಾಯಿತು, ಫೈಲುಗಳನ್ನು ಎತ್ತಿ ಇಡುವ ಗೋಳಿಲ್ಲ. ಕೇಡು ಏನೆಂದರೆ, ಹಾಗೆ ಬರಿದೇ ಕೂಡಿಸಿದಾಗ ಒಂದು ಡಿಸ್ಕು ಹೋದರೆ ಇಡೀ ಜಾಗವೇ ಕೆಡುತ್ತದೆ. ಏರ್ಪಾಡಿನದೇನೂ ತಪ್ಪಿಲ್ಲ. ಪ್ರತಿಯೊಂದಕ್ಕೂ ಅದರದೇ ನಕಲು ಹೊತ್ತ ಜೋಡಿ ಡಿಸ್ಕು ಇಟ್ಟು ಅದರ ಮೇಲೆ ಕೂಡಿಸುವವರು ಇದ್ದಾರೆ. ನಮ್ಮಲ್ಲಿ ಜೋಡಿ ಎಲ್ಲಿತ್ತು?

ನಾನು ಬೇರೆ ಬೇರೆ ಇಡುವುದೇ ಒಳ್ಳೆಯದು ಎಂದುಕೊಂಡು ಹೋಗಿದ್ದೆ. ಹಾಗೆಂದೇ ಹೇಳಿ, ಕಾರ್ಯದರ್ಶಿಗೆ ಎರಡನ್ನೂ ವಿವರಿಸಿದೆ. ಅವರು ಮೂರು ತಲೆಮಾರಿನ ನೇಕಾರರ ಮನೆಯವರು. ಡಿಸ್ಕನ್ನು ಡಿಸ್ಕಿಗೆ ಸೇರಿಸುವುದೆಂದು ಹೇಳುತ್ತಿದ್ದಂತೆ ಅವರ ಮುಖ ಅರಳಿತು.

"ಕೆಚ್ಚೂದು ಅಂತ ಹೇಳ್ರೆಲಾ ಅಕ್ಕಾರ. ಹಳೇ ಹಾಸಿನ ತುದೀಗೆ ಹೊಸಾದು ಕೆಚ್ಚಿದಂಗ."

ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು. ಅದು ಮುಗಿಯುತ್ತ ಬಂದಾಗ ಯಾರೂ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಒಂದೊಂದು ಎಳೆಯ ತುದಿಗೂ ಹೊಸದರ ಒಂದೊಂದು ಎಳೆ ಹಿಡಿದು, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಸಾವಿರಾರು ಎಳೆ. ಅದೇ ಕೆಚ್ಚುವುದು. ಹುಟ್ಟಿದಾಗಿನಿಂದ ಅದನ್ನು ನೋಡಿದವರಿಗೆ ಜೋಡಿಸದೆ ಬಿಡುವುದೇ ಮೈಗಳ್ಳತನವಾಗಿ ಕಾಣುತ್ತದೆ. ನಾನು ಒಂದು ಡಿಸ್ಕು ಸತ್ತರೆ ಎಲ್ಲ ಸಾಯುತ್ತದೆ ಎಂದು ಹೇಳಲು ಹೊರಟೆ. ಅವರು ನಕ್ಕರು.

"ಒಂದ ಎಳಿ ಹರದ್ರ ಇಡೀ ಹಾಸು ಹರಿತೈತೇನ್ರಿ?"

ಇಲ್ಲ, ಹರಿಯುವುದಿಲ್ಲ. ಹರಿದ ಎಳೆಯನ್ನು ಮತ್ತೆ ಗಂಟು ಹಾಕುತ್ತಾರೆ. ಆದರೆ ಡಿಸ್ಕು ಎಳೆಯಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನನಗೆ ಆ ಶಬ್ದದ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲಿ ಕಲಿಸಿದ ವಿದ್ಯೆಗೆ ಇಲ್ಲಿ ಒಂದು ಮನೆಮಾತು ಸಿಕ್ಕಿತ್ತು. ಜೊತೆಗೆ ಅವರು ಕೋಣೆಯಲ್ಲಿದ್ದವರಿಗೆಲ್ಲ ಅಕ್ಕಾರಿಗೆ ನೇಯ್ಗೆಯೂ ಗೊತ್ತು ಎಂದು ಸಾರಿದರು. ನಾನು ಉಬ್ಬಿದೆ. ಈಗ ನೆನೆದರೆ ನನ್ನ ಆ ಉಬ್ಬಿದ ಮುಖ ಕಂಡು ನನಗೇ ಓಕರಿಕೆ ಬರುತ್ತದೆ.

ಅಜ್ಜ ಅಲ್ಲಿಯೇ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಕೆಚ್ಚಿದ್ದ ಬಿಚ್ಚಾಕ ಬರತೈತೇನ ತಂಗಿ?"

"ಬರತೈತ್ರಿ ಅಜ್ಜಾ."

"ನಮ್ಮದ್ರಾಗ ಬರೂದಿಲ್ಲ ನೋಡವಾ. ಕತ್ತರಸೂದ."

ನಾನು ನಕ್ಕು, ಇದು ನೂಲಲ್ಲ ಎಂದೆ. ಕಾರ್ಯದರ್ಶಿಗೆ ಹೇಳಬೇಕಾಗಿದ್ದ ಮಾತನ್ನು ಅಜ್ಜನಿಗೆ ಹೇಳಿದೆ. ಅಂದೇ ಎರಡು ಡಿಸ್ಕುಗಳನ್ನು ಕೆಚ್ಚಿದೆ.

ಜಾಗ ಒಂದೇ ಆಗಿ, ದೊಡ್ಡದಾಗಿ ಕಂಡಿತು. ದೊಡ್ಡ ಜಾಗ ಕಂಡರೆ ನಮ್ಮ ಜನ ಏನು ಮಾಡುತ್ತಾರೆಂದು ಬಸ್ ಸ್ಟ್ಯಾಂಡಿನ ಹಿಂದಿನ ಬಯಲು ನೋಡಿದವರಿಗೆ ಗೊತ್ತು. ಮೊದಲು ಸಂಘದವರು ಹಿಪ್ಪರಗಿ ಬ್ಯಾರೇಜು ನೋಡಲು ಹೋದಾಗಿನ ಫೋಟೋಗಳು ಬಂದವು, ಒಂದೇ ಗೇಟಿನ ಮುಂದೆ ಒಂದೇ ನಗೆಯ ನೂರಾರು ಫೋಟೋ. ಆಮೇಲೆ ಅಧ್ಯಕ್ಷರ ಸನ್ಮಾನದ ವಿಡಿಯೋ. ಆಮೇಲೆ ಮುಧೋಳದಲ್ಲಿ ನಡೆದ ಅಧ್ಯಕ್ಷರ ಮಗಳ ಮದುವೆ, ಊಟದ ಪಂಕ್ತಿಯನ್ನೂ ಬಿಡದೆ ಪೂರ್ತಿ. ಒಂದು ಕಡೆ ಎಲೆಯ ಮೇಲೆ ಯಾರೋ ಕೈ ತೊಳೆಯುವುದನ್ನೂ ಹತ್ತಿರದಿಂದ ತೆಗೆದಿದ್ದರು. ಅಜ್ಜನ ಐವತ್ತು ವರ್ಷದ ಪಕ್ಕದಲ್ಲಿ ಆ ಎಂಜಲು ಬಂದು ಕೂತಿತು. ಬೇರೆ ಬೇರೆ ಡಿಸ್ಕು ಇದ್ದಿದ್ದರೆ ಇದು ಸಂಘದ್ದು, ಇದು ಅಜ್ಜನದು ಎಂದು ನಾನು ಗೆರೆ ಎಳೆಯಬಹುದಿತ್ತು. ಕೆಚ್ಚಿದ ಮೇಲೆ ಗೆರೆ ಎಲ್ಲಿ ಎಳೆಯುವುದು?

ಆ ಮದುವೆ ಬರುವ ಮೊದಲೇ, ವರ್ಷ ತುಂಬುವುದರೊಳಗೆ, ಎರಡೂ ಡಿಸ್ಕು ತುಂಬಿದ್ದವು. ಹೊಸ ಡಿಸ್ಕು ಕೇಳಿದೆ. ಮುಂದಿನ ಸಭೆಯಲ್ಲಿ ಇಡೋಣ ಎಂದರು ಕಾರ್ಯದರ್ಶಿ. ಅದರ ಮುಂದಿನ ವಾರ ಅವರಿಗೇ ಒಂದು ದಾರಿ ಹೊಳೆಯಿತು. ಡಿಸೈನ್ ಕಂಪ್ಯೂಟರಿನಲ್ಲಿ ಅಜ್ಜನ ಗ್ರಾಫುಗಳಿಗೆಂದೇ ಒಂದು ಡಿಸ್ಕು ಇತ್ತಲ್ಲ, ಅದನ್ನು ಕಿತ್ತು ಬ್ಯಾಕಪ್ಪಿಗೆ ಕೆಚ್ಚಿಬಿಡಿ ಎಂದರು. ಗ್ರಾಫು ಬೇಕಾದಾಗ ವಾಯರಿನ ಮೂಲಕ ಅಲ್ಲಿಂದಲೇ ತೆಗೆದುಕೊಳ್ಳಬಹುದು, ವಾಯರ್ ಐತಲ್ಲ. ಆಗ ಒಂದೇ ಪ್ರತಿ ಉಳಿಯುತ್ತದೆ ಎಂದೆ. ಅವರಿಗೆ ಆಶ್ಚರ್ಯವಾಯಿತು.

"ಹೆಂಗ್ರಿ ಅಕ್ಕಾರ? ಬ್ಯಾಕಪ್ ಐತಲ್ಲ."

ಅವರ ಪಾಲಿಗೆ ಬ್ಯಾಕಪ್ ಅಂದರೆ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ ಆ ಡಬ್ಬಿ. ಡಬ್ಬಿ ಇರುವವರೆಗೆ ಬ್ಯಾಕಪ್ ಇದೆ. ಅದು ಇನ್ನೊಂದರ ಪ್ರತಿ, ಆ ಇನ್ನೊಂದು ಹೋದರೆ ಇದು ಬ್ಯಾಕಪ್ ಅಲ್ಲವೇ ಅಲ್ಲ ಎಂಬುದನ್ನು ನಾನು ಮೂರು ಸಲ ಹೇಳಿದೆ. ನಾಲ್ಕನೆಯ ಸಲಕ್ಕೆ ಬೇಜಾರು ಬಂತು. ಸಂಜೆಯ ಬಸ್ಸು ತಪ್ಪುತ್ತಿತ್ತು. ಹೊಸ ಡಿಸ್ಕು ಬರುವವರೆಗೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿಯಲ್ಲಿ ಎಲ್ಲ ಗ್ರಾಫೂ ಇವೆಯೇ ಎಂದು ಎಣಿಸಿ ನೋಡಿ, ಆ ಡಿಸ್ಕನ್ನು ಕಿತ್ತು, ಅದರಲ್ಲಿದ್ದದ್ದನ್ನೆಲ್ಲ ನನ್ನ ಕೈಯಾರೆ ಅಳಿಸಿ, ಮೂರನೆಯದಾಗಿ ಕೆಚ್ಚಿದೆ. ಹಳೆಯದೂ ಹೊಸದೂ, ಮೂಲವೂ ನಕಲೂ ಒಂದೇ ಹಾಸಾಯಿತು. ಇಂಥ ತಪ್ಪು ಬೇರೆ ಊರಿನಲ್ಲಿ ಯಾರಿಗೂ ಹೊಳೆಯಲಿಕ್ಕಿಲ್ಲ.

ಆಮೇಲೆ ಒಂದು ದಿನ ಬಸ್ಸಿಗೆ ಕಾಯುತ್ತ ಸಂಘದ ಎದುರಿನ ಗಾಡಿಯಲ್ಲಿ ಗಿರಮಿಟ್ಟು ತೆಗೆದುಕೊಂಡೆ. ಎರಡು ತುತ್ತು ತಿಂದಿದ್ದೆ. ಚುರುಮುರಿಯ ಅಡಿಯಲ್ಲಿ ಎಣ್ಣೆ ಹೀರಿ ಪಾರದರ್ಶಕವಾದ ಕಾಗದದಲ್ಲಿ ಚಿಕ್ಕ ಚಿಕ್ಕ ಚೌಕ ಕಂಡವು. ಅಜ್ಜನ ರುದ್ರಾಕ್ಷಿ ದಡಿಯ ಗ್ರಾಫು. ಪೆನ್ಸಿಲಿನ ಒಂದೊಂದು ಮನೆಯಲ್ಲಿಯೂ ಈರುಳ್ಳಿಯ ಚೂರು, ಅರಿಶಿನದ ಕಲೆ. ನನ್ನ ಬಾಯಲ್ಲಿದ್ದದ್ದನ್ನು ಅಲ್ಲಿಯೇ ಉಗುಳಿದೆ. ಗಾಡಿಯವನು ಖಾರ ಜಾಸ್ತಿಯಾಯಿತೇ ಎಂದು ಕೇಳಿದ. ಇಂಥ ಕಾಗದ ಇನ್ನೂ ಇದೆಯೇ ಎಂದೆ. ಹೋದ ತಿಂಗಳು ರದ್ದಿಯಲ್ಲಿ ಬಂದದ್ದು, ಕಾಗದ ದಪ್ಪವಿದ್ದುದರಿಂದ ತೂಕಕ್ಕೆ ಹಾಳೆ ಕಡಿಮೆ, ಬೇಗ ಮುಗಿದವು ಎಂದ.

ಆ ಒಂದು ಹಾಳೆ ಹಿಡಿದು ಮೇಲೆ ಓಡಿದೆ. ಕಪಾಟಿನಲ್ಲಿ ಧೋತರದ ಗಂಟು ಇದ್ದ ಕಡೆ ಸಂಘಕ್ಕೆ ಬಂದ ಶೀಲ್ಡುಗಳನ್ನು ಸಾಲಾಗಿ ಜೋಡಿಸಿದ್ದರು. ಕಾರ್ಯದರ್ಶಿ ತಾವೇ ರದ್ದಿಗೆ ಹಾಕಿಸಿದ್ದಾಗಿ ಹೇಳಿದರು, ಅಡಗಿಸುವ ಪ್ರಯತ್ನವನ್ನೂ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಕಾಗದ ಯಾಕೆ? ಬ್ಯಾಕಪ್ ಐತಲ್ಲ. ನಾನು ಕೂಗಾಡಿದೆ. ಅಕ್ಕಾರಿಗೆ ಬಿಸಿಲು ಹತ್ತಿದೆ, ನೀರು ಕೊಡಿ ಎಂದರು.

ಅಂದು ಡಬ್ಬಿಯಲ್ಲಿ ಎಲ್ಲ ಗ್ರಾಫುಗಳೂ ಸರಿಯಾಗಿದ್ದವು. ಒಂದೊಂದನ್ನೂ ತೆರೆದು ನೋಡಿದೆ. ಮುಂದಿನ ವಾರ ಸೀಡಿಗಳನ್ನು ತಂದು ಎಲ್ಲವನ್ನೂ ಬರೆದಿಡುತ್ತೇನೆ ಎಂದುಕೊಂಡೆ. ಮುಂದಿನ ವಾರ ಕಾಲೇಜಿನಲ್ಲಿ ಪರೀಕ್ಷೆಗಳು ಬಂದವು. ಅದರ ಮುಂದಿನ ವಾರ ಪೇಪರು ತಿದ್ದುವುದಿತ್ತು. ಮೂರು ವಾರ. ಸೀಡಿಗಳ ಡಬ್ಬಿ ಜಮಖಂಡಿಯಲ್ಲಿ ನನ್ನ ಮನೆಯ ಟಿವಿಯ ಮೇಲೆ ಕೂತಿತ್ತು. ಕಾರ್ಯದರ್ಶಿಯನ್ನು ಬೈಯುವಾಗಲೆಲ್ಲ ಆ ಡಬ್ಬಿಯನ್ನು ನಾನು ಜಾಣತನದಿಂದ ಮರೆಯುತ್ತೇನೆ. ಇಲ್ಲಿ ಬರೆದಿಡುತ್ತಿದ್ದೇನೆ.

ಸೀಡಿ ತೆಗೆದುಕೊಂಡು ಹೋದ ದಿನ ಮಧ್ಯಾಹ್ನ ನಾನು ಕುರ್ಚಿಯಲ್ಲಿ ಕೂರುತ್ತಿದ್ದಂತೆ ಕರೆಂಟು ಹೋಯಿತು. ಕೆಳಗಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಕೋಣೆಯಲ್ಲಿ ಮೌನವೆಂಬುದನ್ನು ನಾನು ಕೇಳಿದ್ದೇ ಅಪರೂಪ. ನಮ್ಮ ಯಂತ್ರಗಳಿಗೆ ಮಾತ್ರ ಯುಪಿಎಸ್ ಇದ್ದುದರಿಂದ ಅವು ನಡೆಯುತ್ತಿದ್ದವು. ಆ ಮೌನದಲ್ಲಿ ಮೂಲೆಯಿಂದ ಟಕ್, ಟಕ್, ಟಕ್ ಎಂದು ಕೇಳಿಸಿತು. ಡಿಸ್ಕು ಸಾಯುವಾಗ ಮಾಡುವ ಸದ್ದು ಅದು. ಎಷ್ಟು ದಿನದಿಂದ ಹಾಗೆ ಬಡಿದುಕೊಳ್ಳುತ್ತಿತ್ತೋ, ಮಗ್ಗಗಳ ಖಟಖಟದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ನಾನು ಎದ್ದು ಹತ್ತಿರ ಹೋಗುವಷ್ಟರಲ್ಲಿ ನಿಂತಿತು. ಅದರ ಜೊತೆಗೆ ಇಡೀ ಜಾಗವೂ ನಿಂತಿತು.

ಸತ್ತದ್ದು ಮೊದಲನೆಯ ಡಿಸ್ಕು. ಅಜ್ಜನ ಗ್ರಾಫುಗಳಲ್ಲಿ ಬಹುಪಾಲು ಅದರಲ್ಲಿಯೇ ಇದ್ದವು. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯೂ ಅದರಲ್ಲಿಯೇ ಇತ್ತು. ಎರಡು ವಾರ ಜಮಖಂಡಿಯ ಕಾಲೇಜಿನ ಲ್ಯಾಬಿನಲ್ಲಿ ಕೂತು, ಉಳಿದ ಎರಡು ಡಿಸ್ಕುಗಳಿಂದ ಸಿಕ್ಕಿದ್ದನ್ನು ಬಾಚಿದೆ. ಹೆಸರಿಲ್ಲದ ತುಂಡುಗಳು ಸಿಕ್ಕವು. ಒಂದು ಸೆರಗಿನ ಮೇಲಿನ ಎಡಭಾಗ, ಇನ್ನೊಂದು ದಡಿಯ ಕೆಳಗಿನ ಬಲಭಾಗ. ನಾಲ್ಕು ತುಂಡು ಕೂಡಿ ಒಂದು ಗ್ರಾಫಾಗುವಂಥದ್ದು ಒಂದೂ ಸಿಗಲಿಲ್ಲ. ಅಧ್ಯಕ್ಷರ ಮಗಳ ಮದುವೆ ಮಾತ್ರ ಒಂದು ಕೂದಲೂ ಕೊಂಕದೆ ಬಂತು. ಕಾರ್ಯದರ್ಶಿ ಅದನ್ನು ನೋಡಿ, ಅಂತೂ ಮದುವೆ ಉಳಿಯಿತಲ್ಲ ಎಂದು ಅಧ್ಯಕ್ಷರಿಗೆ ಕೂಡಲೇ ಫೋನು ಮಾಡಿದರು. ಎಲೆಯ ಮೇಲೆ ಕೈ ತೊಳೆಯುವ ಆ ಮನುಷ್ಯ ಮತ್ತೆ ಪರದೆಯ ಮೇಲೆ ಬಂದ. ನಾನು ಎದ್ದು ಹೊರಗೆ ಹೋದೆ.

ಮದುವೆ ಉಳಿದದ್ದು ಮೂರನೆಯ ಡಿಸ್ಕಿನಲ್ಲಿ. ನಾನೇ ಕಿತ್ತು, ಅಳಿಸಿ, ಕೆಚ್ಚಿದ ಆ ಡಿಸ್ಕಿನಲ್ಲಿ. ಅದು ಗುಂಡುಕಲ್ಲಿನ ಹಾಗಿತ್ತು. ಅದನ್ನು ಇದ್ದಲ್ಲಿಯೇ ಬಿಟ್ಟಿದ್ದರೆ ಅಜ್ಜನ ಒಂದೂ ಮನೆ ಅಳಿಯುತ್ತಿರಲಿಲ್ಲ.

ರಬಕವಿಗೆ ಹೋಗಿ ಅಜ್ಜನಿಗೆ ಹೇಳುವ ಕೆಲಸ ನನ್ನದೇ ಆಗಿತ್ತು. ಅವರು ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಒಳಗೆ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯನ್ನು ಮುಚ್ಚಿ ಮೇಲೆ ಜೋಳದ ಚೀಲ ಇಟ್ಟಿದ್ದರು. ಸೊಸೆ ಚಹಾ ತಂದಿಟ್ಟಳು. ನಾನು ಎಲ್ಲವನ್ನೂ ಹೇಳಿದೆ, ರದ್ದಿಗೆ ಹೋದದ್ದನ್ನೂ. ಒರೆಸಿ ಒಣಗಿಸಿ ಇಟ್ಟುಕೊಂಡಿದ್ದ ಆ ಗಿರಮಿಟ್ಟಿನ ಹಾಳೆಯನ್ನು ಅವರ ಕೈಗೆ ಕೊಟ್ಟೆ. ನಡುಗುವ ಬೆರಳನ್ನು ಚೌಕಗಳ ಮೇಲೆ ಆಡಿಸುತ್ತ ಬಹಳ ಹೊತ್ತು ನೋಡಿದರು. ಬಲಗಡೆ ಒಂದು ಕಡೆ ಬೆರಳು ನಿಂತಿತು.

"ಇದ್ರಾಗ ಒಂದ ಮನಿ ತಪ್ಪೈತಿ. ಅದಕ್ಕ ನೇದಿದ್ದಿಲ್ಲ. ತಪ್ಪಿದ್ದ ಉಳೀತು ನೋಡು."

ಚಹಾದ ಮೇಲೆ ಕೆನೆ ಕಟ್ಟಿತ್ತು. ಅವರು ಹಾಳೆಯನ್ನು ಮಡಿಚಿ ಪಕ್ಕಕ್ಕಿಟ್ಟರು.

"ಮೊದಲ ನೀ ಬ್ಯಾರೆ ಬ್ಯಾರೆ ಇಡಬೇಕು ಅಂದಿದ್ದಿ, ನಾ ಕೇಳೇನಿ. ಮತ್ಯಾಕ ಕೆಚ್ಚಿದಿ ತಂಗಿ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಒಂದು ಶಬ್ದ ಚಂದ ಕಂಡಿತೆಂದು, ನಾಲ್ಕು ಜನರೆದುರು ಹೊಗಳಿದರೆಂದು, ಬಸ್ಸು ತಪ್ಪುತ್ತದೆಂದು, ಸೀಡಿಗಳನ್ನು ಟಿವಿಯ ಮೇಲೆ ಇಟ್ಟು ಮರೆತೆನೆಂದು ಹೇಳಬೇಕಿತ್ತು. ನಾನು ಹೇಳಿದ್ದು ಇದು:

"ಕಾರ್ಯದರ್ಶಿಗಳು ಮಾಡು ಅಂದ್ರರಿ ಅಜ್ಜಾ."

ಅಜ್ಜ ತಲೆ ಆಡಿಸಿದರು. ನಂಬಿದರು. ಸಾಲಿ ಕಲಿಸುವ ಅಕ್ಕಾರು ಸುಳ್ಳು ಹೇಳುತ್ತಾರೆಂದು ಅವರು ಯಾಕೆ ಎಣಿಸಬೇಕು? ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ, ಅದೇ ಅದರ ಹೊಲಸು. ಆಡಿದ ನನ್ನ ನಾಲಿಗೆಯ ಮೇಲೆ ಏನೋ ಹಳಸಿದ್ದನ್ನು ಇಟ್ಟಂತಾಯಿತು. ಚಹಾ ಕುಡಿಯದೆ ಎದ್ದು ಬಂದೆ.

ಸಂಘದ ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಕಾರ್ಯದರ್ಶಿ ಸಿಕ್ಕರು. ಚಿಮ್ಮಡದ ಬೀಗರ ಮನೆಯ ಸುದ್ದಿ, ಕಬ್ಬಿನ ಸುದ್ದಿ ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿದರು.

"ಅಜ್ಜ ನನ್ನ ಜೋಡಿ ಮಾತ ಬಿಟ್ಟಾನ್ರಿ ಅಕ್ಕಾರ. ಎದುರು ಬಂದ್ರ ಮಾರಿ ತಿರವ್ತಾನು. ಯಾಕಂತ ತಿಳೀವಲ್ದು."

ನಾನು ನನಗೂ ತಿಳಿಯದು ಎಂಬಂತೆ ಕೈ ತಿರುವಿದೆ. ನನ್ನ ಬಸ್ಸು ಬಂತು, ಹತ್ತಿ ಕೂತೆ.

ಅಜ್ಜ ಬದುಕಿದ್ದಷ್ಟು ವರ್ಷ ಪ್ರತಿ ಸಂಕ್ರಮಣಕ್ಕೂ ಸೊಸೆಯ ಕೈಯಲ್ಲಿ ನನಗೊಂದು ಪೊಟ್ಟಣ ಕುಸುರೆಳ್ಳು ಕಳಿಸುತ್ತಿದ್ದರು. ನಾನು ಅದನ್ನು ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದೆ, ಅಜ್ಜ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಅವಳು ಹೋದ ಮೇಲೆ ಪೊಟ್ಟಣ ಬಿಚ್ಚುತ್ತಿದ್ದೆ. ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳಲು ನನ್ನಿಂದ ಆಗಲಿಲ್ಲ.